ಈ ಸಲ ಅರಿಶಿಣ ಕೊಡದ ಮಾವಶಿ

ಸಾಂಗ್ಲಿಯ ಒಬ್ಬ ವ್ಯಾಪಾರಿಗೆ ಹಳ್ಳಿ ಹಳ್ಳಿ ತಿರುಗಿ ಅರಿಶಿಣ ಕೊಂಡು ತರೋದು ನನ್ನ ಕೆಲಸ. ಗಡಿಯ ಆರಗ ಹಳ್ಳಿಯಲ್ಲಿ ಅರಿಶಿಣ ಬೆಳೆಯುವ, ನಾನು ಮಾವಶಿ (ಚಿಕ್ಕಮ್ಮ) ಎಂದೇ ಕರೆಯುವ ಒಬ್ಬರು ಪ್ರತಿ ವರ್ಷ, ಅರಿಶಿಣ ಒಣಗಿದ ಕೂಡಲೇ, ಮನೆಖರ್ಚಿಗೆ ಬೇಕೆಂದು ನಾನು ಹೇಳಿದ ದರಕ್ಕೇ ಕೊಟ್ಟುಬಿಡುತ್ತಿದ್ದರು. ಆ ಧೈರ್ಯದ ಮೇಲೆ ಈ ಸಲ ಟೆಂಪೋ, ಹಮಾಲರನ್ನು ಕರಕೊಂಡೇ ಹೋದೆ.

ಮಾವಶಿ ಎಲ್ಲರಿಗೂ ಚಹಾ ಕೊಟ್ಟು, “ಮಾಲು ಈಗ ಕೊಡಂಗಿಲ್ರಿ. ದರ ಏರಲಿ” ಅಂದರು.

“ಅಲ್ಲಿತನಕ ಮನಿ ಹೆಂಗ ನಡಸ್ತೀರಿ, ಮಾವಶಿ?”

“ಸರಕಾರ ಹೆಣಮಕ್ಕಳಿಗಂತ ತಿಂಗಳಾ ತಿಂಗಳಾ ನನ್ನ ಖಾತಿಗೆ ರೊಕ್ಕ ಹಾಕತೈತ್ರಿ. ಎಣ್ಣಿ, ಸಕ್ರಿ, ದವಾಖಾನಿ ಅದರಾಗ ಆಗತಾವು. ಅರಿಶಿಣ ಏನ ಹಾಲೇನ್ರಿ, ಇಟ್ರ ಕೆಡಾಕ?”

ಸರಕಾರವನ್ನು ಬೈಯುತ್ತಾ ಖಾಲಿ ಟೆಂಪೋ ಹತ್ತಿದೆ. ದಾರಿಯಲ್ಲಿ ನೆನಪಾಯಿತು: ಆ ರೊಕ್ಕ ನನ್ನ ಹೆಂಡತಿಗೂ ಬರುತ್ತದೆ. ಮನೆಯಲ್ಲೂ ನನ್ನ ದರ ಇಳಿದು ವರ್ಷವಾಯಿತು.