ಹರವಿಯ ಬುಡದ ಹನ್ನೊಂದು ನಳಿಕೆಗಳು

ಮೊನ್ನೆ ಮಗಳು ಸಿಹಿತಿಂಡಿಗೆಂದು ಚೈನಾ ಗ್ರಾಸ್ ಕರಗಿಸುತ್ತಿದ್ದಳು. ನೀರಿನಲ್ಲಿ ಕುದಿಯುವಾಗ ಅದರಿಂದ ಒಂದು ವಾಸನೆ ಏಳುತ್ತದೆ. ಹುಲ್ಲಿನದೂ ಅಲ್ಲ, ಮೀನಿನದೂ ಅಲ್ಲ, ನಡುವೆ ಎಲ್ಲೋ... ನಾನು ಎದ್ದು ಕಿಟಕಿ ತೆರೆದೆ.

ಐನಾಪುರದ ನಮ್ಮ ಮನೆಯ ಹೊರಕೋಣೆಯಲ್ಲಿ ಆರು ತಿಂಗಳು ಇದೇ ವಾಸನೆ ಇತ್ತು. ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ನಾನು ಮದುವೆಯಾಗಿ ಬಂದು ಎರಡನೆಯ ಕಬ್ಬಿನ ಹಂಗಾಮು. ವಿಶ್ವವಿದ್ಯಾಲಯದಿಂದ ಒಬ್ಬ ಹೆಣ್ಣುಮಗಳು ಬಾಡಿಗೆಗೆ ಬಂದರು. ಪಿಎಚ್.ಡಿ. ಮುಗಿಸಿ, ಅದರ ಮೇಲೆ ಮತ್ತೆ ಎರಡು ವರ್ಷದ ಸಂಶೋಧನೆಗೆ ನೇಮಕವಾಗಿದ್ದವರು. ಕಬ್ಬಿನ ಬೇರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳನ್ನು ಹುಡುಕುವುದು ಅವರ ಕೆಲಸ. ಓಣಿಯವರಿಗೆ ಅವರು 'ಡಾಕ್ಟರ್ ಬಾಯಿ'. ಬಾಜೂಮನೆಯ ಮುದುಕಿ ಮೊದಲ ದಿನವೇ ಮೊಣಕಾಲು ತೋರಿಸಲು ಬಂದಿದ್ದಳು.

"ಅಜ್ಜಿ, ನಾ ಕಬ್ಬಿನ ಡಾಕ್ಟರ್ರಿ," ಎಂದರು ನಗುತ್ತ.

"ಕಬ್ಬಿಗ್ಯಾಕ ಡಾಕ್ಟರ್ ಬೇ? ಅದಕ್ಕೇನ ಮೊಣಕಾಲ ಅದಾವು?"

ಬೆಳಿಗ್ಗೆ ಹೊಲಕ್ಕೆ ಹೋಗಿ ಬೇರು ತರುತ್ತಿದ್ದರು. ತೊಳೆದು, ಅರೆದು, ಸ್ಪಿರಿಟ್ ದೀಪದ ಮುಂದೆ ಕುಳಿತು ತಂತಿಯ ತುದಿಯಿಂದ ಗಾಜಿನ ನಳಿಕೆಗಳಲ್ಲಿ ಗೆರೆ ಎಳೆಯುತ್ತಿದ್ದರು. ನಳಿಕೆಯೊಳಗೆ ಬ್ಯಾಕ್ಟೀರಿಯಾಕ್ಕೆ ಉಣ್ಣಲು ಈ ಚೈನಾ ಗ್ರಾಸಿನಂಥದೇ ಗಟ್ಟಿ ಗಂಜಿ. ಅದನ್ನು ತಮ್ಮ ದೊಡ್ಡ ಕುಕ್ಕರಿನಲ್ಲಿ ಕುದಿಸುವಾಗ ಸೀಟಿ ಎಣಿಸುವುದನ್ನು ನನಗೆ ವಹಿಸಿದ್ದರು. ಬೇಡದ ಜೀವಗಳೆಲ್ಲ ಸಾಯಬೇಕು ಎಂದು ಕುದಿಸುವುದು. "ಬೇಕಾದವು ಭಾಳ ಸೂಕ್ಷ್ಮರಿ ವೈನಿ. ಕುದಿಯೂ ನೀರಾಗ ಹತ್ತ ನಿಮಿಷ ತಡಿಯಂಗಿಲ್ಲ," ಎಂದು ಹೇಳಿಕೊಟ್ಟವರೂ ಅವರೇ. ನನ್ನನ್ನು ಅತ್ತಿಗೆಯಂತೆ ವೈನಿ ಎಂದೇ ಕರೆಯುತ್ತಿದ್ದರು. ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಯಾರೂ ನನಗೆ ಅಷ್ಟು ಬಿಡಿಸಿ ಏನನ್ನೂ ಹೇಳಿರಲಿಲ್ಲ.

ನದಿಯ ಕಡೆಯ ನಮ್ಮ ಎರಡು ಎಕರೆ ಹೊಲ, ನೀರು ಹೆಚ್ಚಾಗಿ, ಸವುಳಾಗಿತ್ತು. ಮಣ್ಣಿನ ಮೇಲೆ ಬಿಳಿ ಉಪ್ಪು. ಅಲ್ಲಿ ಒಂದೇ ಒಂದು ಮೂಲೆಯ ಕಬ್ಬು ಹಸಿರಾಗಿತ್ತು. ಅದರ ಬೇರಿನಲ್ಲಿ ಅವರಿಗೆ ಬೇಕಾದುದು ಸಿಕ್ಕಿತು. ಉಪ್ಪಿನಲ್ಲೂ ಬದುಕಿ, ಗಾಳಿಯಲ್ಲಿನ ಸಾರ ಹಿಡಿದು ಕಬ್ಬಿಗೆ ಉಣಿಸುವ ಜಾತಿ. ಅಂದು ಅವರು ನನ್ನ ಕೈ ಹಿಡಿದುಕೊಂಡು, "ಇದೊಂದು ಉಳದ್ರ ನನ್ನ ನೌಕರಿ ಕಾಯಂ ಆದಂಗರಿ ವೈನಿ," ಎಂದರು. ಹನ್ನೊಂದು ನಳಿಕೆಗಳಲ್ಲಿ ಅದನ್ನು ಬೆಳೆಸಿದರು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ನೀರಿನ ತಾಮ್ರದ ಹರವಿ ಇಡುವ ಹಸಿ ಉಸುಕೇ ತಂಪು ಜಾಗ. ಅತ್ತೆಯನ್ನು ಕೇಳಿ ನಳಿಕೆಗಳನ್ನು ಅಲ್ಲಿ ಹೂತಿಟ್ಟರು. ಸೋಮವಾರ ವಿಶ್ವವಿದ್ಯಾಲಯಕ್ಕೆ ಒಯ್ಯುವವರಿದ್ದರು.

ಶನಿವಾರ ಅಂಚೆಯವನು ಕಾರ್ಡು ತಂದ. ಕರೋಶಿಯಿಂದ ಡಾಕ್ಟರ್ ಬಾಯಿಯ ಅಪ್ಪ ಬರೆದದ್ದು. ಮಾವ ಕಟ್ಟೆಯ ಮೇಲೆ ಕುಳಿತು ಎಲ್ಲರ ಕಾರ್ಡುಗಳನ್ನೂ ಓದುವವರು. ನಮ್ಮ ಕಾರ್ಡುಗಳ ನೆತ್ತಿಯ ಮೇಲೆ 'ಶ್ರೀ' ಇರುತ್ತಿತ್ತು. ಇದರ ಮೇಲೆ 'ಜೈ ಭೀಮ್' ಇತ್ತು. ಮಾವ ಮುಂದೆ ಓದಲಿಲ್ಲ. ಕಾರ್ಡನ್ನು ಮಗುಚಿ ಇಟ್ಟರು.

ಡಾಕ್ಟರ್ ಬಾಯಿ ಸುಳ್ಳು ಹೇಳಿರಲಿಲ್ಲ. ಬಂದ ದಿನ ಅತ್ತೆ, "ನಿಮ್ಮ ಮಂದಿ ಏನ ಮಾಡ್ತಾರವಾ?" ಎಂದಾಗ "ಹೊಲದಾಗ ದುಡೀತಾರ್ರಿ" ಎಂದಿದ್ದರು. ಹೊಲ ಅವರದೇ ಎಂದು ನಾವೇ ತಿಳಿದುಕೊಂಡಿದ್ದೆವು. ಅಷ್ಟು ಓದಿದವಳು, ಇಷ್ಟು ಸ್ವಚ್ಛ ಇರುವವಳು ಮತ್ತಿನ್ಯಾರ ಮಗಳಾದಾಳು ಎಂಬುದು ನಮ್ಮ ಲೆಕ್ಕ.

"ಆರ ತಿಂಗಳ ನಮ್ಮ ನೀರ ಮುಟ್ಯಾಳ!" ಅತ್ತೆ ಹಣೆ ಬಡಿದುಕೊಂಡರು. ಹಂಡೆಗೆ ಉರಿ ಹಾಕಿಸಿದರು. ಹರವಿ, ಚರಿಗೆ, ಅವರು ಉಂಡ ತಾಟು, ಎಲ್ಲವೂ ಕುದಿಯುವ ನೀರಿಗೆ. ನಾನು ಒಂದೊಂದಾಗಿ ಹಾಕಿದೆ. ಹರವಿ ಎತ್ತಿದಾಗ ಉಸುಕಿನಲ್ಲಿ ನಳಿಕೆಗಳ ಹತ್ತಿಯ ಬಿರಡೆಗಳು ಕಂಡವು. ಅತ್ತೆಗೆ ಅವುಗಳ ನೆನಪಿರಲಿಲ್ಲ. ಅವರು ಆ ಕಡೆ ತಿರುಗಿಯೂ ನೋಡಿರಲಿಲ್ಲ.

"ಇವನ್ನೇನ ಮಾಡ್ಲಿ ಅತ್ತಿ?" ಎಂದು ಕೇಳಿದವಳು ನಾನು.

"ಏನ್ ಕೇಳ್ತಿ? ಅವನ್ನೂ ಹಾಕು."

ಹಾಕಿದೆ. ಹತ್ತು ನಿಮಿಷವಲ್ಲ, ಅರ್ಧ ತಾಸು.

ಸಂಜೆ ಅವರು ಬಂದಾಗ ಟ್ರಂಕು, ಕುಕ್ಕರು, ಹಾಸಿಗೆ ಹೊರಗಿದ್ದವು. ಪಕ್ಕದಲ್ಲಿ ಹನ್ನೊಂದು ನಳಿಕೆಗಳು, ಬೂದಿ ಹಚ್ಚಿ ತೊಳೆದು, ಬೋರಲು ಹಾಕಿ ಒಣಗಿಸಿದ್ದವು. ಕಾರ್ಡು ನೋಡಿದರು, ಎಲ್ಲ ತಿಳಿಯಿತು. ಅತ್ತೆಯತ್ತ ನೋಡಲಿಲ್ಲ. ನನ್ನನ್ನೇ ಕೇಳಿದರು.

"ಎಷ್ಟೊತ್ತು ಕುದಿಸಿದ್ರಿ ವೈನಿ?"

ಹೇಳಿದೆ. ಅವರು ತಲೆಯಾಡಿಸಿದರು. ಒಂದು ನಳಿಕೆಯನ್ನು ಎತ್ತಿ ಬೆಳಕಿಗೆ ಹಿಡಿದರು, ಮತ್ತೆ ಇಟ್ಟರು. "ನಿಮಗ ಗೊತ್ತಿತ್ತಲ್ಲರಿ..." ಎಂದರು. ಟ್ರಂಕು ಎತ್ತಿಕೊಂಡು ಕಾಗವಾಡದ ಬಸ್ಸಿಗೆ ಹೋದರು.

ಮತ್ತೆ ಆ ಬೇರು ಬೇಕೆಂದರೆ ನಮ್ಮ ಹೊಲಕ್ಕೇ ಬರಬೇಕಿತ್ತು. ಒಮ್ಮೆ ಬಂದರಂತೆ. ಮಾವ ಬದುವಿನಿಂದಲೇ ಕಳಿಸಿದರು. ಮರುವಾರ ಆ ಮೂಲೆಯ ಕಬ್ಬನ್ನು ನೇಗಿಲು ಹೂಡಿಸಿ ಕೀಳಿಸಿದರು. ಅವರ ಎರಡು ವರ್ಷ ಮುಗಿದವು, ನೌಕರಿ ಬೇರೆಯವರಿಗೆ ಹೋಯಿತು. ರಾಯಬಾಗದ ಕಡೆ ಯಾವುದೋ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾರೆ ಎಂದು ಬಹಳ ವರ್ಷಗಳ ಮೇಲೆ ಕೇಳಿದೆ. ರಾಯಬಾಗಕ್ಕೆ ಮದುವೆ, ಸೀಮಂತವೆಂದು ಎಷ್ಟೋ ಸಲ ಹೋಗಿದ್ದೇನೆ. ಹುಡುಕಲಿಲ್ಲ. ಈಗ ನಿವೃತ್ತಿಯಾಗಿರಬೇಕು, ಇದ್ದಾರೋ ಇಲ್ಲವೋ... ಆ ಎರಡು ಎಕರೆಯಲ್ಲಿ ಇಂದಿಗೂ ಜಾಲಿ ಬಿಟ್ಟು ಬೇರೇನೂ ಬೆಳೆಯುವುದಿಲ್ಲ.

ಕಿಟಕಿ ಯಾಕೆ ತೆರೆದೆ ಎಂದು ಮಗಳು ಮೊನ್ನೆ ಬಿಡದೆ ಕೇಳಿದಳು. ಹೇಳಿದೆ. ಕಾರ್ಡು, ಹಂಡೆ, ಅರ್ಧ ತಾಸು ಎಲ್ಲ ಹೇಳಿದೆ. ನಾನು ಅತ್ತೆಯನ್ನು ಕೇಳಿದ ಆ ಒಂದು ಮಾತನ್ನು ಮಾತ್ರ ಬಿಟ್ಟು.

"ಅಜ್ಜಿ ಎಷ್ಟ ಕೆಟ್ಟಾಕಿ ಇದ್ಲಲ್ಲವ್ವಾ," ಎಂದಳು ಮಗಳು.

ಅತ್ತೆ ತೀರಿಕೊಂಡು ಹನ್ನೆರಡು ವರ್ಷವಾಯಿತು.

"ಹೂಂ," ಎಂದೆ.