ಬೀಗರನ್ನು ಬೈದು ನಿಲ್ಲಿಸಿಕೊಂಡ ದೊಡ್ಡಮ್ಮ

ಮೊನ್ನೆ ಮೊಮ್ಮಗಳ ಮದುವೆಯಲ್ಲಿ ಹೊಸ ಬೀಗರನ್ನು ಬಾಯಿತುಂಬ ಬೈದೆ. ಹಾಡಿನಲ್ಲೇ ಬೈದೆ. ಗಂಡಿನ ಅಜ್ಜಿಯೂ ಸುಮ್ಮನಿರಲಿಲ್ಲ, ಸೆರಗು ಸಿಕ್ಕಿಸಿಕೊಂಡು ನನಗಿಂತ ಜೋರಾಗಿ ಬೈದಳು. ಅಯ್ಯೋ, ಆ ಖುಷಿಯನ್ನು ಹೆಂಗೆ ಬರೆಯಲಿ! ಹುಡುಗರೆಲ್ಲ ಗಾಬರಿಯಾದರು. ಅವರಿಗೇನು ಗೊತ್ತು? ಇಂಥ ಬೈಗುಳ ಇಲ್ಲದಿದ್ದರೆ ನನ್ನ ಮದುವೆಯೇ ಆಗುತ್ತಿರಲಿಲ್ಲ, ಅವರ್ಯಾರೂ ಹುಟ್ಟುತ್ತಲೂ ಇರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮಪ್ಪ ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಕೆಲಸಕ್ಕಿದ್ದ. ಗಂಡಿನವರು ಭಾನುವಳ್ಳಿಯ ರೈತರು. ಹರಿಹರಕ್ಕೆ ಬಂದು ರೈಲು ಹತ್ತುತ್ತೇವೆಂದು ಹೇಳಿಕಳಿಸಿದ್ದರು. ಅದನ್ನು ನಂಬಿ ನಮ್ಮ ಗಂಡಸರೆಲ್ಲ ಓಲಗದವರ ಸಮೇತ ಅವರನ್ನು ಎದುರುಗೊಳ್ಳಲು ಸ್ಟೇಷನ್ನಿಗೆ ಹೋದರು. ಬೀಗರೋ, ಎತ್ತಿನ ಗಾಡಿ ಕಟ್ಟಿಕೊಂಡು ಸೀದಾ ನಮ್ಮ ಓಣಿಗೇ ಬಂದು ನಿಂತರು. ಎದುರುಗೊಂಡು ಕಾಲಿಗೆ ನೀರು ಕೊಡಲು ಒಬ್ಬ ಗಂಡಸೂ ಇಲ್ಲ.

ಗಂಡಿನ ದೊಡ್ಡಪ್ಪ ಗಾಡಿಯಿಂದ ಇಳಿಯಲೇ ಇಲ್ಲ.

“ನಾವೇನ್ ಹುಲ್ಲು ಮಾರಾಕ ಬಂದೀವೇನು? ಗಾಡಿ ತಿರುಗಿಸ್ರೋ!”

ನಮ್ಮವ್ವ ಓಡಿಹೋಗಿ ಕೈ ಮುಗಿದಳು. “ತಪ್ಪಾತ್ರೀ ಅಣ್ಣಾರ, ಗಂಡಸ್ರು ಟೇಸನ್ನಿಗೆ ಹೋಗ್ಯಾರ. ಇಳೀರಿ.”

“ಇಳಿಯಾದೇನು ಬ್ಯಾಡ. ಮರ್ಯಾದಿ ಇಲ್ದ ಮನಿ ಹೆಣ್ಣು ನಮಗ್ಯಾಕ?”

ಒಳಗೆ ಅರಿಶಿನ ಹಚ್ಚಿಸಿಕೊಂಡು ಕೂತಿದ್ದ ನನಗೆ ಅದು ಕೇಳಿಸಿತು. ಅರಿಶಿನ ಹತ್ತಿದ ಹುಡುಗಿಯನ್ನು ಬಿಟ್ಟು ಗಂಡಿನವರು ಹೊರಟರೆ ಮತ್ತೆ ಯಾರು ಬರುತ್ತಾರೆ? ಅರಿಶಿನದ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ ಅಳತೊಡಗಿದೆ.

ಹೋಳಿಗೆಗೆ ಕಣಕ ನಾದುತ್ತಿದ್ದ ನನ್ನ ದೊಡ್ಡಮ್ಮ ಎದ್ದಳು. ಕೈ ತೊಳೆಯಲಿಲ್ಲ, ಮುಗಿಯಲೂ ಇಲ್ಲ. ಓಣಿಯ ನಡುವೆ ನಿಂತು ಶುರುಮಾಡಿದಳು:

“ರೈಲಿನ ಕೂಗಿಗೆ ಹೆದರ್ಯಾರ ಬೀಗರು
ಎತ್ತಿನ ಬಾಲ ಹಿಡಿದು ಬಂದಾರ
ನಮ್ಮ ಓಣಿಗೆ ಧೂಳ ತಂದಾರ”

ನಮ್ಮ ಕಡೆ ಹೀಗೆ: ಮಾತಿನಲ್ಲಿ ಅಂದರೆ ಜಗಳ, ಹಾಡಿನಲ್ಲಿ ಅಂದರೆ ಸಿಟ್ಟಾಗುವಂತಿಲ್ಲ. ಆದರೆ ಹಾಡಿಗೆ ಉತ್ತರ ಕೊಡದೆ ಎದ್ದುಹೋದರೆ ಅಂಥ ಅವಮಾನ ಇನ್ನೊಂದಿಲ್ಲ. ರೈಲಿಗೆ ನಿಜವಾಗಿ ಹೆದರಿದ್ದು ಗಂಡಿನ ಸೋದರತ್ತೆ. ಅವಳ ಹಟಕ್ಕೇ ಗಾಡಿ ಕಟ್ಟಿದ್ದು. ಅವಳಿಗೆ ಚುರುಕ್ ಎಂದಿತು.

“ತಡಿಯಣ್ಣ! ಇವಳ ಬಾಯಿ ಮುಚ್ಚಿಸೇ ಹೋಗಾನ” ಎಂದವಳೇ ಗಾಡಿಯಲ್ಲಿ ಎದ್ದು ನಿಂತಳು:

“ಬಾಲ ಹಿಡಿದರೇನು, ಬಂದೇವು ನಾವು
ಕಣಕದ ಕೈಯವಳ ಮನೆಯಾಗ
ಚೊಂಬು ನೀರಿಗೂ ಬರವೇನ?”

ಹತ್ತಿಕೊಂಡಿತು. ದೊಡ್ಡಮ್ಮ ಅವರ ಎತ್ತಿನ ಎಲುಬು ಎಣಿಸಿದಳು. ಸೋದರತ್ತೆ ನಮ್ಮ ಮನೆಯ ಹೆಂಚು, ಅಪ್ಪನ ಮೀಸೆ, ನನ್ನ ಕಪ್ಪು ಬಣ್ಣ ಯಾವುದನ್ನೂ ಬಿಡಲಿಲ್ಲ. ಆಟವಲ್ಲ, ಖರೇ ಸಿಟ್ಟು. ಅವಳಿಗೆ ದನಿಗೂಡಿಸಲು ಗಂಡಿನ ಕಡೆಯ ಹೆಂಗಸರು ಒಬ್ಬೊಬ್ಬರೇ ಗಾಡಿ ಇಳಿದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಿರಣಿಯವರು ಕಣ್ಣುಜ್ಜುತ್ತ ಬಂದು ಕಟ್ಟೆಗಳ ಮೇಲೆ ಕೂತರು. ಒಳಗೆ ನಾನು ಅಳುವುದನ್ನು ಮರೆತು ದೊಡ್ಡಮ್ಮನ ಸೊಲ್ಲಿಗೆ ಗುನುಗುತ್ತಿದ್ದೆ.

ಸ್ಟೇಷನ್ನಿನಿಂದ ನಮ್ಮವರು ಬೆವರುತ್ತ ಓಡಿಬರುವ ಹೊತ್ತಿಗೆ ಗಂಡಿನ ದೊಡ್ಡಪ್ಪ ಮತ್ತೆ ಕೂಗಿದ: “ಗಾಡಿ ತಿರುಗಿಸಂದ್ರೆ ಕಿವಿ ಕೇಳಲ್ಲೇನಲೇ?”

ಗಾಡಿಯವನು ಬೀಡಿ ಕಚ್ಚಿಕೊಂಡೇ ಹೇಳಿದ: “ಎತ್ತು ಬಿಚ್ಚಿಬಿಟ್ಟೀನಿ ಗೌಡ್ರ. ಯಾವ ಕಡೆ ಗೆಲ್ತೈತೋ ನೋಡಾನ ತಡೀರಿ.”

ದೊಡ್ಡಪ್ಪ ಮುಖ ಗಂಟಿಕ್ಕಿಕೊಂಡೇ ಕೆಳಗಿಳಿದ. “ನೀರು ಕೊಡ್ರಿ. ಬೈದು ಬೈದು ನನ್ ತಂಗಿ ಗಂಟಲು ಒಣಗೈತೆ.”

ದೊಡ್ಡಮ್ಮನೇ ಕಣಕದ ಕೈಯಲ್ಲಿ ಚೊಂಬು ತಂದಳು. ಮದುವೆ ಆಯಿತು.

ಭಾನುವಳ್ಳಿಗೆ ಹೋದ ಮೇಲೆ ತವರು ನೆನೆದು ಅತ್ತರೆ, ಆ ಸೋದರತ್ತೆ ಸಮಾಧಾನ ಹೇಳುವವಳಲ್ಲ. ಬೀಸುವ ಕಲ್ಲಿನ ಮುಂದೆ ಕೂಡಿಸಿ ನಮ್ಮ ಓಣಿಯನ್ನೇ ಹಾಡಿನಲ್ಲಿ ಬೈಯುವಳು. ರೋಷಕ್ಕೆ ನನ್ನ ಕಣ್ಣೀರು ಒಣಗುತ್ತಿತ್ತು, ತಿರುಗಿ ಹಾಡುತ್ತಿದ್ದೆ. ನನಗೆ ಹಾಡು ಬಂದದ್ದೇ ಹಾಗೆ.

ಮೊನ್ನೆಯೂ ಗಂಡಿನ ಅಜ್ಜಿಯ ದನಿ ಬಿದ್ದುಹೋಯಿತು. ಹುಡುಗರು ನೀರಿನ ಬಾಟಲಿ ತರಲು ಓಡಿದರು. ನಾನು ಬಿಡಲಿಲ್ಲ, ಚೊಂಬು ತುಂಬಿಸಿ ನಾನೇ ಕೊಟ್ಟೆ.

“ಈಗ ನೆನಪಾತೇನವ್ವ ನೀರು?” ಎಂದಳು, ಬಿದ್ದ ದನಿಯಲ್ಲೇ.