ಮಂಜಮ್ಮನಿಗಿದ್ದ ಎರಡೇ ಜೀನು

ನಮ್ಮ ಶೆಟ್ಟಿಕೆರೆ ಪಕ್ಕದ ಹಟ್ಟಿಯ ಮಂಜಮ್ಮನನ್ನು ನಾನು ಬೈದಷ್ಟು ಇನ್ಯಾರೂ ಬೈದಿರಲಿಕ್ಕಿಲ್ಲ. ನಾನು ಆಶಾ ಕಾರ್ಯಕರ್ತೆ, ಹೆಸರು ಗಿರಿಜಾಂಬಿಕಾ. ಹದಿನೈದು ವರ್ಷದಿಂದ ಅವಳಿಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದೇನೆ. ರಕ್ತ ಮಾತ್ರ ಹತ್ತರ ಮೇಲೆ ಏರಿದ್ದೇ ಇಲ್ಲ. ಕದ್ದು ಹಿತ್ತಿಲಿಗೆ ಎಸೆಯುತ್ತಾಳೆ ಎಂದೇ ನಾನು ತಿಳಿದಿದ್ದೆ. ಕೊನೆಗೆ ಎದುರಿಗೇ ನಿಲ್ಲಿಸಿಕೊಂಡು ನುಂಗಿಸಿ, ಬಾಯಿ ತೆರೆಸಿ ನಾಲಗೆಯ ಕೆಳಗೂ ನೋಡುತ್ತಿದ್ದೆ.

"ಜುಂಜಪ್ಪನಾಣೆಗೂ ದಿನಾ ನುಂಗ್ತೀನಿ ಕಣಕ್ಕ."

"ಸಾಕು ಬುಡು. ನಿನ್ ಬುದ್ಧಿ ಜುಂಜಪ್ಪಂಗೂ ಗೊತ್ತೈತೆ."

ಅವಳಾದರೋ ಬೆಳಗಿನಿಂದ ಸಂಜೆವರೆಗೆ ತೋಟದ ಮನೆಗಳ ಮುಂದೆ ಕೂತು ಕೊಬ್ಬರಿ ಚಿಪ್ಪು ಬಿಡಿಸುವವಳು. ಒಳಗಿನ ಉಂಡೆಗೆ ಒಂದು ಗೀರು ಬೀಳಿಸಿದವಳಲ್ಲ. ಅಷ್ಟು ಕಡಿಮೆ ರಕ್ತದಲ್ಲಿ ಅದು ಹೇಗೆ ಸಾಧ್ಯ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ, ನೋಡಿ.

ಮಗಳು ಮಧುಶ್ರೀಯನ್ನು ಸ್ವಂತ ಅಣ್ಣನ ಮಗ ರವಿಕಿರಣನಿಗೇ ಕೊಡಬೇಕೆಂದು ಹಟ ಹಿಡಿದವಳು ಅವಳೇ. ಹೊರಗಿನಿಂದ ಒಳ್ಳೆಯ ಸಂಬಂಧ ಬಂದಿದ್ದರೂ ತವರಿನ ಹಕ್ಕು ಬಿಡಲಿಲ್ಲ. ಕಳೆದ ವರ್ಷ ಮಧುಶ್ರೀ ಮೂರು ತಿಂಗಳ ಬಸುರಿಯಾಗಿದ್ದಾಗ ರಕ್ತ ಪರೀಕ್ಷೆಯಲ್ಲಿ ಕೆಂಪು ಕಣಗಳು ಸಣ್ಣವು ಎಂದು ಬಂತು. ಗಂಡನದೂ ಹಾಗೇ. ತಿಪಟೂರಿನ ಡಾಕ್ಟರಮ್ಮ ವಂಶದಲ್ಲಿ ಬರುವ ಥಲಸ್ಸೇಮಿಯಾ ಇರಬಹುದೆಂದು, ಮಂಜಮ್ಮನದೂ ಸೇರಿಸಿ ಮೂವರ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು.

ನಾನಾದರೂ ತೆಪ್ಪಗಿರಬೇಕಲ್ಲ! ಮೊಬೈಲಿನಲ್ಲಿ ಆ ಹೆಸರು ಹುಡುಕಿ, ತಿಂಗಳು ತಿಂಗಳು ರಕ್ತ ಹಾಕಿಸಿಕೊಳ್ಳುವ ಮಕ್ಕಳ ಚಿತ್ರ ತೋರಿಸಿಬಿಟ್ಟೆ. ಅವತ್ತಿನಿಂದ ಮಂಜಮ್ಮನಿಗೆ ಮುದ್ದೆ ಇಳಿಯಲಿಲ್ಲ.

"ನಾನೇ ಹಟ ಮಾಡಿ ಕೊಟ್ನಲ್ಲಕ್ಕ. ಕೂಸು ತೆಗ್ಸು ಅಂದ್ಬುಟ್ರೆ ಮಗಳ ಮುಖ ಹೆಂಗ್ ನೋಡ್ಲಿ?"

ಹದಿನೇಳನೆಯ ದಿನ ವರದಿ ಬಂತು. ತಾಯಿ ಮಗಳ ಜೊತೆ ನಾನೂ ಬಸ್ಸು ಹತ್ತಿದೆ. ಡಾಕ್ಟರಮ್ಮ ಕಾಗದ ಓದಿ, ಮಂಜಮ್ಮನ ಕಡೆಗೇ ತಿರುಗಿ ಕೂತರು.

"ಒಂದು ತೋಟಕ್ಕೆ ನಾಲ್ಕು ಬೋರ್‌ವೆಲ್ ಇದಾವೆ ಅಂದ್ಕೊಳಿ. ನಾಲ್ಕರಲ್ಲೂ ಬರೋದು ಅದೇ ನೀರು. ಒಂದು ನಿಂತರೆ ತೋಟ ಒಣಗುತ್ತಾ?"

"ಇಲ್ಲ ಕಣ್ರವ್ವ."

"ರಕ್ತದಲ್ಲಿ ಆಲ್ಫಾ ಗ್ಲೋಬಿನ್ ಅಂತ ಒಂದು ಪ್ರೊಟೀನ್ ಇದೆ. ಅದನ್ನ ಮಾಡೋಕೆ ನಾಲ್ಕು ಜೀನು. ಅಪ್ಪನ ಕಡೆಯಿಂದ ಎರಡು, ಅಮ್ಮನ ಕಡೆಯಿಂದ ಎರಡು. ಯಾವುದು ಮಾಡಿದರೂ ಅದೇ ಪ್ರೊಟೀನು. ನಿಮ್ಮ ಮಗಳಿಗೆ, ಅಳಿಯನಿಗೆ ಮೂರು ಮೂರು ಇದಾವೆ. ನಿಮಗೆ ಎರಡೇ. ಅದಕ್ಕೇ ಎಷ್ಟು ಮಾತ್ರೆ ನುಂಗಿದ್ರೂ ರಕ್ತ ಹತ್ತರಲ್ಲೇ ನಿಂತಿರೋದು. ನಿಮಗೆ ಕಬ್ಬಿಣದ ಕೊರತೆಯೇ ಇಲ್ಲಮ್ಮ."

ನನಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಎಷ್ಟು ಸಲ ಆ ಬಾಯಿ ತೆರೆಸಿದ್ದೆ! "ತಪ್ಪಾಯ್ತು ಕಣೇ ಮಂಜಿ" ಎಂದೆ. ಅವಳಿಗೆ ಅದು ಕೇಳಿಸಲೇ ಇಲ್ಲ.

"ನಂದಿರ್ಲಿ ಡಾಕ್ಟ್ರವ್ವ. ಕೂಸು?"

"ಕೂಸಿಗೆ ನಾಲ್ಕೂ ಬರಬಹುದು, ಮೂರೂ ಬರಬಹುದು. ಎಷ್ಟೇ ಕಡಿಮೆ ಅಂದರೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡಂತೂ ಬಂದೇ ಬರುತ್ತೆ."

"ಎರಡೇ ಬಂದ್ರೆ ಏನಾಯ್ತದೆ?"

ಡಾಕ್ಟರಮ್ಮ ನಕ್ಕರು. "ಏನಾಗುತ್ತೆ? ನಿಮ್ಮ ಥರ ಆಗುತ್ತೆ."

"ನನ್ನಂಗಾ? ಅಷ್ಟೇಯಾ?"

ಮಂಜಮ್ಮ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು. "ನಾನ್ ಗಟ್ಟಿಯಾಗೇ ಇದೀನಲ್ಲೇ ಮಗಾ!" ಎಂದು ಆಸ್ಪತ್ರೆಗೆಲ್ಲ ಕೇಳುವಂತೆ ಅತ್ತಳು.